ಕಡುಗಪ್ಪು ಹರಳು ಬಂತು, ಕರೆಂಟು ಹರಿಯಲಿಲ್ಲ

ಬೆಳಗಾವಿಯ ಜುಲೈ ಮಳೆ ಗೊತ್ತಲ್ಲ, ವಾರಗಟ್ಟಲೆ ಬಿಸಿಲೇ ಇಲ್ಲ. ಆ ಮಳೆಯಲ್ಲೇ ನಾನು ಎಂ.ಎಸ್ಸಿ ಪ್ರಾಜೆಕ್ಟಿಗೆ ಹರಳು ಬೆಳೆಸಲು ಕೂತಿದ್ದೆ. ಎಲೆಕ್ಟ್ರಾನ್ ಕೊಡುವ ಪೈರೀನ್, ಅದನ್ನು ಪಡೆಯುವ ಟಿಸಿಎನ್‌ಕ್ಯೂ, ಈ ಎರಡು ಸಾವಯವ ಪುಡಿಗಳನ್ನು ಸಮ ಮೋಲ್ ಲೆಕ್ಕದಲ್ಲಿ ಬಿಸಿ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ, ಬೀಕರಿನ ಬಾಯಿಗೆ ಫಾಯಿಲ್ ಕಟ್ಟಿ, ಸೂಜಿಯಿಂದ ನಾಲ್ಕು ತೂತು ಮಾಡಿ, ಫ್ಯಾನಿನ ಗಾಳಿ ತಾಗದ ಮೂಲೆಯಲ್ಲಿಟ್ಟೆ. ಆರನೇ ದಿನಕ್ಕೆ ಕಡುಗಪ್ಪು ಹರಳು. ಹಾಕಿದ ಎರಡು ಪುಡಿಗಳಲ್ಲಿ ಒಂದೂ ಕಪ್ಪಲ್ಲ! ಪೈರೀನ್‌ನ ಎಲೆಕ್ಟ್ರಾನ್ ಟಿಸಿಎನ್‌ಕ್ಯೂ ಕಡೆ ಜಿಗಿಯುವಾಗ ಬೆಳಕು ಹೀರುತ್ತದೆ, ಬಣ್ಣ ಅದರಿಂದ ಬಂದದ್ದು. ಇಷ್ಟು ಕಪ್ಪಿದೆ ಅಂದ್ಮೇಲೆ ಕರೆಂಟೂ ಹರಿಯುತ್ತದೆ ಅಂದುಕೊಂಡೆ.

ಸಿಲ್ವರ್ ಪೇಸ್ಟ್ ಹಚ್ಚಿ ತಂತಿ ಕೂಡಿಸಿದರೆ ಮೀಟರ್ ಓವರ್‌ಲೋಡ್, ಅಂದರೆ ಅದು ಅಳೆಯಲಾರದಷ್ಟು ರೆಸಿಸ್ಟೆನ್ಸ್. ಒಂದು ವಾರ ಪೇಸ್ಟನ್ನೇ ಬೈದೆ, ಕೆರೆದು ಮತ್ತೆ ಹಚ್ಚಿದೆ. ಎಕ್ಸ್-ರೇ ರಚನೆ ಕೈಗೆ ಬಂದಾಗಲೇ ತಿಳಿದದ್ದು: ಒಂದು ಪೈರೀನ್, ಅದರ ಮೇಲೊಂದು ಟಿಸಿಎನ್‌ಕ್ಯೂ, ಮತ್ತೆ ಪೈರೀನ್. ಪಂಚಮಿಗೆ ಊರಿಗೆ ಹೋದಾಗ ಅವ್ವ ಖಡಕ್ ರೊಟ್ಟಿ ಒಂದು ಬುಟ್ಟಿಗೆ, ಹೋಳಿಗೆ ಇನ್ನೊಂದಕ್ಕೆ ಪೇರಿಸುತ್ತಿದ್ದಳು. "ಕೂಡಿಸಿ ಇಟ್ರ ರೊಟ್ಟಿ ಮೆತ್ತಗಾಗ್ತಾವ" ಅಂದಳು. ನನ್ನ ಹರಳು ಎರಡನ್ನೂ ಒಂದೇ ಬುಟ್ಟಿಗೆ ಹಾಕಿತ್ತು. ಒಂದು ಟಿಸಿಎನ್‌ಕ್ಯೂದಿಂದ ಮುಂದಿನದಕ್ಕೆ ಹೋಗಲು ಎಲೆಕ್ಟ್ರಾನ್ ನಡುವಿನ ಪೈರೀನನ್ನು ದಾಟಬೇಕು, ಅದಕ್ಕೆ ಅಲ್ಲಿ ಸುಲಭದ ಜಾಗ ಇಲ್ಲ. ಐಆರ್ (ಅಣುವಿನ ಬಂಧಗಳ ಕಂಪನ ತೋರಿಸುವ ಇನ್‌ಫ್ರಾರೆಡ್ ಪರೀಕ್ಷೆ) ಮೊದಲೇ ಸುಳಿವು ಕೊಟ್ಟಿತ್ತು, ನಾನೇ ಗಮನಿಸಲಿಲ್ಲ. ಬಿಡಿ ಟಿಸಿಎನ್‌ಕ್ಯೂದ ನೈಟ್ರೈಲ್ (ಇಂಗಾಲ-ಸಾರಜನಕ ಬಂಧದ) ಗೆರೆ ಸುಮಾರು 2227 cm⁻¹ನಲ್ಲಿರುತ್ತದೆ, ಪೂರ್ತಿ ಎಲೆಕ್ಟ್ರಾನ್ ಪಡೆದರೆ 2183ರ ಹತ್ತಿರಕ್ಕೆ ಇಳಿಯುತ್ತದೆ. ನನ್ನದು ಇದ್ದಲ್ಲಿಂದ ಅಲ್ಲಾಡಿದ್ದೇ ಕಡಿಮೆ. ಆದರೆ ಐಆರ್ ಎಷ್ಟು ಚಾರ್ಜ್ ಹೋಯ್ತು ಅಂತ ಹೇಳುತ್ತದೆ, ಅಣುಗಳು ಹೇಗೆ ಪೇರಿಸಿಕೊಂಡಿವೆ ಅಂತಲ್ಲ.

ಆಮೇಲೆ ಪೈರೀನ್ ಬಿಟ್ಟು, ಎಲೆಕ್ಟ್ರಾನನ್ನು ಇನ್ನೂ ಸುಲಭವಾಗಿ ಕೊಡುವ ಟಿಟಿಎಫ್ ಹಾಕಿದೆ. 1973ರಲ್ಲಿ ಹೆಸರು ಮಾಡಿದ ಜೋಡಿ ಇದು. ಇದರಲ್ಲಿ ಬುಟ್ಟಿಗಳು ಬೇರೆ ಬೇರೆ: ಟಿಸಿಎನ್‌ಕ್ಯೂ ಸಾಲಿನಲ್ಲಿ ಪದರಗಳ ಅಂತರ 3.17 ಆಂಗ್‌ಸ್ಟ್ರಾಂ, ಟಿಟಿಎಫ್ ಸಾಲಿನಲ್ಲಿ 3.47. ಪ್ರತಿ ಅಣುವಿಗೆ ಸುಮಾರು 0.59 ಎಲೆಕ್ಟ್ರಾನ್ ಮಾತ್ರ ದಾಟುವುದರಿಂದ ಸಾಲಿನಲ್ಲಿ ಅರ್ಧಂಬರ್ಧ ಖಾಲಿ ಜಾಗ ಉಳಿಯುತ್ತದೆ, ಓಡಾಟ ಸಲೀಸು. ಲೋಹದ ಥರ ತಣ್ಣಗಾದಷ್ಟೂ ಚೆನ್ನಾಗಿ ಹರಿಯುತ್ತದೆ, 54 ಕೆಲ್ವಿನ್ ಹತ್ತಿರ ಸಾಲು ಸೊಟ್ಟಗಾಗಿ ಆಟ ಮುಗಿಯುತ್ತದೆ. ಅಷ್ಟು ತಣ್ಣಗೆ ಮಾಡುವ ಸಲಕರಣೆ ನಮ್ಮಲ್ಲಿರಲಿಲ್ಲ ಬಿಡಿ.

ಇಲ್ಲೂ ಎಡವಿದೆ. ಹರಳು ಕೂದಲಿನಂಥ ಸೂಜಿ, ಸಾಲುಗಳು ಅದರ ಉದ್ದಕ್ಕೇ ಇವೆ. ಮೊದಲ ಸಲ ಪೇಸ್ಟ್ ಅಡ್ಡಡ್ಡ ಹಚ್ಚಿದೆ, ರೀಡಿಂಗ್ ತೀರಾ ಕಳಪೆ. ಉದ್ದಕ್ಕೆ ನಾಲ್ಕು ತಂತಿ ಕೂಡಿಸಿ ಅಳೆದಾಗಲೇ ಮೀಟರ್ ಮಾತಾಡಿತು. ಎರಡು ಸೂಜಿ ಚಿಮಟದಲ್ಲೇ ಮುರಿದವು, ಮೂರನೆಯದು ಈಗಲೂ ಸಿಲಿಕಾ ಜೆಲ್ ಡಬ್ಬಿಯಲ್ಲಿದೆ.