ನನ್ನ ಜೊತೆ ನಾನಿರಲು ಕಲಿತ ಬಗೆ

ಕಣ್ಣು ಮುಚ್ಚಿ ಕುಳಿತರೆ ಮನಸ್ಸು ಶಾಂತವಾಗುತ್ತದೆ ಎಂದು ನನಗೆ ಹೇಳದವರಿಲ್ಲ. ಅಕ್ಕನ ಅತ್ತೆ ಹೇಳಿದರು, ಕಚೇರಿಯ ಹಿರಿಯರು ಹೇಳಿದರು, ಒಬ್ಬರಂತೂ ಧ್ಯಾನದ ಶಿಬಿರಕ್ಕೇ ಕರೆದುಕೊಂಡು ಹೋದರು. ಎಲ್ಲರೂ ಹಿತ ಬಯಸಿಯೇ ಹೇಳಿದ್ದು. ಆದರೆ ಕಣ್ಣು ಮುಚ್ಚಿದ ಕೂಡಲೇ ನನ್ನ ಎದೆಬಡಿತ ಏರುತ್ತಿತ್ತು, ಅಂಗೈ ಬೆವರುತ್ತಿತ್ತು, ಎದ್ದು ಓಡಬೇಕೆನಿಸುತ್ತಿತ್ತು. ಇದಕ್ಕೆ ಕಾರಣ ಶ್ರದ್ಧೆಯ ಕೊರತೆಯಲ್ಲ, ಚಂಚಲ ಮನಸ್ಸೂ ಅಲ್ಲ ಎಂದು ಗೊತ್ತಾಗುವ ಹೊತ್ತಿಗೆ ನನಗೆ ನಲವತ್ತು ದಾಟಿತ್ತು.

ನಾನು ಬೆಳೆದದ್ದು ಬೆಟಗೇರಿಯ ನೇಕಾರರ ಓಣಿಯಲ್ಲಿ. ಪಡಸಾಲೆಯ ಅರ್ಧಭಾಗ ಕುಣಿಮಗ್ಗದ್ದು. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿರುವಷ್ಟು ಹೊತ್ತು ಲಾಳಿ ಓಡುವ ಸದ್ದು, ಹಲಗೆ ಬಡಿಯುವ ಸದ್ದು ಒಂದೇ ಲಯದಲ್ಲಿ ಮನೆ ತುಂಬಿರುತ್ತಿತ್ತು. ಆ ಸದ್ದು ಇರುವವರೆಗೆ ನಾವು ಕ್ಷೇಮ. ಸದ್ದು ನಿಂತರೆ ಒಂದೋ ಎಳೆ ಹರಿದಿದೆ, ಇಲ್ಲವೇ ಅಪ್ಪ ಎದ್ದಿದ್ದಾನೆ. ಎಳೆ ಹರಿದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಶುರುವಾಗುತ್ತಿತ್ತು. ಶುರುವಾಗದಿದ್ದರೆ ಅಕ್ಕ, ನಾನು, ತಮ್ಮ ಮೂವರೂ ಉಸಿರು ಬಿಗಿಹಿಡಿದು ಹೆಜ್ಜೆ ಎತ್ತ ಹೋಗುತ್ತದೆ ಎಂದು ಕಿವಿಗೊಡುತ್ತಿದ್ದೆವು. ಬೀದಿಬಾಗಿಲಿನ ಕಡೆಗೆ ಹೋದರೆ ಸಂಜೆಯವರೆಗೆ ಬಿಡುವು. ಅಡುಗೆಮನೆಯ ಕಡೆಗೆ ಬಂದರೆ ಅವ್ವನಿಗೋ ನಮಗೋ ಏಟು, ಅದಕ್ಕಿಂತ ಹೆಚ್ಚಾಗಿ ಮಾತು. ಏಟಿನ ಗುರುತು ಮಾಯುತ್ತಿತ್ತು. ‘ನೀನು ಹುಟ್ಟಿದ ಗಳಿಗೆಯಿಂದಲೇ ಈ ಮನೆಗೆ ದರಿದ್ರ ಹತ್ತಿತು’ ಎಂಬ ಮಾತು ಮಾಯಲಿಲ್ಲ.

ಹೀಗೆ ವರ್ಷಗಟ್ಟಲೆ ಕಿವಿಗೊಟ್ಟು ಬೆಳೆದ ದೇಹಕ್ಕೆ ಮೌನವೆಂದರೆ ಅಪಾಯದ ಮುನ್ಸೂಚನೆ. ಅಂಥವಳನ್ನು ನಿಶ್ಶಬ್ದವಾದ ಕೋಣೆಯಲ್ಲಿ ಕಣ್ಣು ಮುಚ್ಚಿಸಿ ಕೂರಿಸಿದರೆ ಏನಾಗಬೇಕೋ ಅದೇ ಆಗುತ್ತಿತ್ತು. ಬಾಲ್ಯದ ಪೆಟ್ಟು ತಿಂದವರಿಗೆಲ್ಲ ಧ್ಯಾನ ಒಗ್ಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಯಾರಿಗಾದರೂ ಅದರಿಂದ ಭಯ ಹೆಚ್ಚಾಗುತ್ತಿದ್ದರೆ ‘ಇನ್ನೂ ಪ್ರಯತ್ನಿಸಿ’ ಎಂದು ಒತ್ತಾಯಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನನಗೆ ನೆರವಾದದ್ದು ತೆರೆದ ಕಣ್ಣು, ನೆಲಕ್ಕೆ ಒತ್ತಿದ ಪಾದ, ಸುತ್ತ ಸಣ್ಣದೊಂದು ಸದ್ದು. ಈಗಲೂ ಒಬ್ಬಳೇ ಇದ್ದಾಗ ಧಾರವಾಡ ಆಕಾಶವಾಣಿ ಹಚ್ಚಿಟ್ಟೇ ಅಡುಗೆ ಮಾಡುತ್ತೇನೆ.

ಚಿಕಿತ್ಸೆಗೆ ಹೋದದ್ದು ಮನಸ್ಸಿನ ಕಾರಣಕ್ಕಲ್ಲ, ಎದೆನೋವಿಗೆ. ನಾನು ಹುಬ್ಬಳ್ಳಿಯ ಸಹಕಾರಿ ಬ್ಯಾಂಕೊಂದರಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ, ಮನೆ ಧಾರವಾಡದಲ್ಲಿ. ಒಂದು ಸಂಜೆ ಚಿಗರಿ ಬಸ್ಸಿನಲ್ಲಿ ನವನಗರ ದಾಟುವಾಗ ಉಸಿರು ಕಟ್ಟಿ, ಇದು ಹೃದಯಾಘಾತವೇ ಎಂದು ಆಸ್ಪತ್ರೆಗೆ ಓಡಿದೆ. ಇಸಿಜಿ ಸರಿಯಾಗಿತ್ತು. ಥೈರಾಯ್ಡ್ ಪರೀಕ್ಷೆಯೂ ಸರಿ. ಕೊನೆಗೆ ಒಬ್ಬ ವೈದ್ಯರು ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆಯಾದ ಡಿಮ್ಹಾನ್ಸ್‌ಗೆ ಹೋಗಿ ಎಂದರು. ಧಾರವಾಡದ ಜನರಿಗೆ ಆ ಆವರಣವನ್ನು ಯಾವ ಹೆಸರಿನಿಂದ ಕರೆಯುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ. ಮಕ್ಕಳು ಜಗಳವಾಡುವಾಗ ಬೈಗುಳವಾಗಿ ಬಳಸುವ ಹೆಸರದು. ಗೇಟಿನೊಳಗೆ ಕಾಲಿಡುವಾಗ ಪರಿಚಯದವರು ಯಾರಾದರೂ ನೋಡಿದರೆ ಎಂಬ ಅಳುಕು ನನಗೂ ಇತ್ತು. ಒಳಗೆ ಹೊರರೋಗಿ ವಿಭಾಗದಲ್ಲಿ ಸಾಲಾಗಿ ಕುಳಿತವರು ನನ್ನಂಥವರೇ: ಚೀಲದಲ್ಲಿ ರೊಟ್ಟಿ ಕಟ್ಟಿಕೊಂಡು ಬಂದ ರೈತರು, ಕಾಲೇಜು ಹುಡುಗಿಯರು, ಮಗನನ್ನು ಕರೆತಂದ ಒಬ್ಬ ಮಾಸ್ತರರು.

ಮೊದಲ ಭೇಟಿಯಲ್ಲಿ ಮನಃಶಾಸ್ತ್ರಜ್ಞೆ ನನ್ನ ಕಥೆ ಕೇಳಲಿಲ್ಲ. ಹೇಳಲು ಸಿದ್ಧಳಾಗಿ ಹೋಗಿದ್ದವಳಿಗೆ ಆಶ್ಚರ್ಯವಾಯಿತು. ನಿದ್ದೆ ಎಷ್ಟು ಹೊತ್ತು, ಊಟ ಹೇಗೆ, ಈಗ ಮನೆಯಲ್ಲಿ ಯಾರಿದ್ದಾರೆ, ಈಗಲೂ ಯಾರಾದರೂ ಹೊಡೆಯುತ್ತಾರೆಯೇ, ಬದುಕು ಸಾಕೆನಿಸುತ್ತದೆಯೇ ಎಂದು ಕೇಳಿದರು. ಹಳೆಯದನ್ನು ಕೆದಕುವ ಮೊದಲು ಈಗಿನ ನೆಲ ಗಟ್ಟಿಯಾಗಬೇಕು ಎಂದರು. ಈ ಕ್ರಮವನ್ನು ಸ್ಪಷ್ಟವಾಗಿ ಹೇಳಿಕೊಟ್ಟವರು ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ ಎಂದು ಆಮೇಲೆ ತಿಳಿದುಕೊಂಡೆ. ಮೊದಲು ಸುರಕ್ಷತೆ, ನಂತರ ನೆನಪು ಮತ್ತು ಶೋಕ, ಆಮೇಲೆ ಮತ್ತೆ ಬದುಕಿನೊಡನೆ ನಂಟು. ಒಂದೇ ದುರಂತ ಕಂಡವರಿಗೂ ತಪ್ಪಿಸಿಕೊಳ್ಳಲಾಗದ ಕಡೆ ವರ್ಷಗಟ್ಟಲೆ ನೊಂದವರಿಗೂ ಇರುವ ವ್ಯತ್ಯಾಸವನ್ನು ಗುರುತಿಸಿ, 1992ರಲ್ಲಿ ಅದಕ್ಕೆ ಪ್ರತ್ಯೇಕ ಹೆಸರು ಬೇಕೆಂದು ವಾದಿಸಿದವರೂ ಅವರೇ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಲು ಬಹಳ ವರ್ಷ ಹಿಡಿಯಿತು. 2022ರ ಜನವರಿಯಿಂದ ಜಾರಿಗೆ ಬಂದ ಅದರ ಹನ್ನೊಂದನೆಯ ರೋಗವರ್ಗೀಕರಣದಲ್ಲಿ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಎಂಬ ಪ್ರತ್ಯೇಕ ಕಾಯಿಲೆ ಇದೆ. ಪಿಟಿಎಸ್‌ಡಿ ಎಂದರೆ ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ. ಕಳೆದದ್ದು ಈಗಲೇ ನಡೆಯುತ್ತಿದೆ ಎಂಬಂತೆ ಮರುಕಳಿಸುವುದು, ಅದನ್ನು ನೆನಪಿಸುವುದರಿಂದ ದೂರ ಓಡುವುದು, ಸದಾ ಎಚ್ಚರದಲ್ಲಿರುವುದು ಪಿಟಿಎಸ್‌ಡಿಯ ಲಕ್ಷಣಗಳು. ಇವುಗಳ ಜೊತೆಗೆ ಭಾವನೆಗಳು ಹತೋಟಿಗೆ ಸಿಗದಿರುವುದು, ತಾನು ನಿಷ್ಪ್ರಯೋಜಕ ಎಂದು ಆಳವಾಗಿ ನಂಬಿರುವುದು, ಯಾರೊಂದಿಗೂ ಹತ್ತಿರವಾಗಲು ಆಗದಿರುವುದು ಸೇರಿದರೆ ಅದು ಕಾಂಪ್ಲೆಕ್ಸ್ ಪಿಟಿಎಸ್‌ಡಿ. ಓದುವಾಗ ಯಾರೋ ನಮ್ಮ ಮನೆಯ ಕಿಟಕಿಯ ಬಳಿ ನಿಂತು ಬರೆದುಕೊಂಡಂತೆ ಅನಿಸಿತು.

ನೆನಪು ಚಿತ್ರವಾಗಿಯೇ ಬರಬೇಕೆಂದಿಲ್ಲ ಎಂಬುದು ನಾನು ಕಲಿತ ಮೊದಲ ದೊಡ್ಡ ಸಂಗತಿ. ಮ್ಯಾನೇಜರ್ ‘ಸ್ವಲ್ಪ ಒಳಗೆ ಬನ್ನಿ’ ಎಂದರೆ ಸಾಕು, ನನ್ನ ಕಾಲು ತಣ್ಣಗಾಗುತ್ತಿತ್ತು, ನಾಲಿಗೆ ಒಣಗುತ್ತಿತ್ತು, ನಾನು ಏನೋ ದೊಡ್ಡ ಅಪರಾಧ ಮಾಡಿದ್ದೇನೆ ಎಂಬ ನಾಚಿಕೆ ಕುತ್ತಿಗೆಯವರೆಗೆ ಏರುತ್ತಿತ್ತು. ಅಪ್ಪನ ಮುಖ ಕಾಣುತ್ತಿರಲಿಲ್ಲ, ಬೆಟಗೇರಿಯ ಮನೆ ಕಾಣುತ್ತಿರಲಿಲ್ಲ. ಹಾಗಾಗಿ ಅದು ನೆನಪು ಎಂದೇ ನನಗೆ ಹೊಳೆದಿರಲಿಲ್ಲ; ನಾನು ಅಂಜುಬುರುಕಿ ಎಂದಷ್ಟೇ ತಿಳಿದಿದ್ದೆ. ಮೇಜಿನ ಡ್ರಾಯರಿನಲ್ಲಿ ವೋಚರಿನ ಹಿಂಬದಿಯಲ್ಲಿ ಬರೆದ ಒಂದು ಚೀಟಿ ಇಟ್ಟುಕೊಂಡೆ: ‘ಇದು ಹುಬ್ಬಳ್ಳಿ. ನಾನು ದೊಡ್ಡವಳು. ಬಾಗಿಲು ತೆರೆದಿದೆ, ಎದ್ದು ಹೋಗಬಹುದು. ಇದು ಹಳೆಯ ಭಯ, ಇಳಿಯುತ್ತದೆ.’ ಓದಿ, ಎರಡೂ ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಕಂಡ ವಸ್ತುಗಳ ಹೆಸರು ಮನಸ್ಸಿನಲ್ಲೇ ಹೇಳುತ್ತಿದ್ದೆ. ಫ್ಯಾನು, ರಬ್ಬರ್ ಸ್ಟಾಂಪು, ಬಸವಣ್ಣನ ಕ್ಯಾಲೆಂಡರು, ನೀಲಿ ಫೈಲು. ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದನ್ನು ನಿಧಾನ ಮಾಡುತ್ತಿದ್ದೆ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ಸ್ವಲ್ಪ ಇಳಿಯುತ್ತದೆ, ಆ ಇಳಿತವನ್ನು ನೀಳ ಮಾಡುವುದಷ್ಟೇ ಇದರ ಉಪಾಯ. ಇಷ್ಟಕ್ಕೆ ಭಯ ಮಾಯವಾಗಲಿಲ್ಲ. ಆದರೆ ಅದರ ನಡುವೆಯೂ ಒಳಗೆ ಹೋಗಿ ಮಾತನಾಡಿ ಬರುವಷ್ಟು ಜಾಗ ಸಿಕ್ಕಿತು.

ಎರಡನೆಯದು ಒಳಗಿನ ದನಿ. ಹಾಲು ಉಕ್ಕಿದರೆ, ಬಸ್ ತಪ್ಪಿದರೆ, ಒಂದು ಅಂಕಿ ತಪ್ಪಾದರೆ ನನ್ನನ್ನು ಹರಿದು ತಿನ್ನುತ್ತಿದ್ದ ದನಿ. ಅದರೊಂದಿಗೆ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. ಒಂದು ನೋಟ್‌ಬುಕ್ ಕೊಂಡು ಅದು ಹೇಳಿದ್ದನ್ನು ಹಾಗೆಯೇ ಬರೆಯತೊಡಗಿದೆ, ಪಕ್ಕದಲ್ಲಿ ‘ಇದು ಯಾರ ಮಾತು?’ ಎಂದು. ಸಾಲುಸಾಲು ಅಪ್ಪನದೇ. ಪದ ಮಾತ್ರವಲ್ಲ, ಮಾತಿನ ಕೊನೆಯಲ್ಲಿ ದನಿ ಏರಿಸುವ ರೀತಿಯೂ. ಕೆಲವು ಸಾಲು ಅವ್ವನದು: ‘ಸುಮ್ಮನಿರು, ನಿನ್ನಿಂದಲೇ ಆಗಿದ್ದು.’ ಅದನ್ನು ಬರೆದ ದಿನ ಬಹಳ ಅತ್ತೆ. ಅಪ್ಪನ ಮೇಲಿನ ಸಿಟ್ಟು ನನಗೆ ಪರಿಚಿತ, ಅವ್ವನ ಮೇಲಿನ ಸಿಟ್ಟು ಇದೆ ಎಂದೇ ಗೊತ್ತಿರಲಿಲ್ಲ.

ಮನಃಶಾಸ್ತ್ರಜ್ಞೆ ಬಾಲ್ಯದ ಫೋಟೊ ತನ್ನಿ ಎಂದರು. ಇದ್ದದ್ದು ಒಂದೇ. ಶಾಲೆಯ ಗುಂಪಿನ ಚಿತ್ರ, ಎರಡನೆಯ ಸಾಲಿನಲ್ಲಿ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆಯ ಹುಡುಗಿ, ಕೈ ಬೆನ್ನ ಹಿಂದೆ. ಈ ಮಗುವಿಗೆ ಏನು ಹೇಳಬೇಕೆನಿಸುತ್ತದೆ ಎಂದು ಕೇಳಿದರು. ಕರುಣೆ ಉಕ್ಕಬೇಕೆಂದು ಅವರು ಬಯಸಿದ್ದರೋ ಏನೋ, ನನಗೆ ಬಂದದ್ದು ತಿರಸ್ಕಾರ. ‘ಯಾಕೆ ಸುಮ್ಮನೆ ನಿಂತೆ? ಯಾಕೆ ಓಡಲಿಲ್ಲ? ತಮ್ಮನನ್ನು ಯಾಕೆ ಬಿಡಿಸಿಕೊಳ್ಳಲಿಲ್ಲ?’ ಇಷ್ಟು ವರ್ಷ ನಾನು ನನ್ನೊಡನೆ ಮುನಿಸಿಕೊಂಡಿದ್ದುದು ಈ ಒಂದು ಕಾರಣಕ್ಕೆ. ಉತ್ತರ ದೇಹದಲ್ಲಿತ್ತು. ಅಪಾಯ ಎದುರಾದಾಗ ಹೋರಾಡುವುದು, ಓಡುವುದು ಮಾತ್ರವಲ್ಲ, ಎರಡೂ ಸಾಧ್ಯವಿಲ್ಲದಾಗ ಮರಗಟ್ಟಿ ನಿಲ್ಲುವುದೂ ದೇಹದ ರಕ್ಷಣೆಯೇ. ಅದು ಆಲೋಚಿಸಿ ಆರಿಸಿಕೊಳ್ಳುವಂಥದ್ದಲ್ಲ. ಏಳು ವರ್ಷದ ಹುಡುಗಿ ಓಡಿಹೋಗಲು ಯಾವ ಮನೆಯಿತ್ತು? ಊಟ ಹಾಕುವ ಕೈಯೇ ಹೊಡೆಯುವ ಕೈಯಾಗಿದ್ದಾಗ ಅವಳು ನಿಂತಲ್ಲೇ ನಿಂತು ಬದುಕಿ ಉಳಿದಳು. ಇದನ್ನು ಒಪ್ಪಿಕೊಳ್ಳಲು ತಿಂಗಳುಗಳೇ ಬೇಕಾದವು. ಚಿಕಿತ್ಸೆಯ ಇಡೀ ಅವಧಿಯಲ್ಲಿ ನನಗೆ ಹೆಚ್ಚು ಕಷ್ಟವಾದದ್ದೂ ಹೆಚ್ಚು ಕೊಟ್ಟದ್ದೂ ಇದೇ. ಈಗ ಆ ಹುಡುಗಿಗೆ ಅಕ್ಕನ ಮಗಳಿಗೆ ಹೇಳುವ ಹಾಗೆ ಹೇಳುತ್ತೇನೆ: ಹಾಲು ಉಕ್ಕಿದರೆ ಒರೆಸಿದರಾಯಿತು, ಬಾ, ಬಟ್ಟೆ ತಾ.

ಔಷಧದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಖಿನ್ನತೆಗೂ ನಿದ್ದೆಗೂ ಮನೋವೈದ್ಯರು ಮಾತ್ರೆ ಕೊಟ್ಟರು, ತೆಗೆದುಕೊಂಡೆ, ಅವರು ಹೇಳಿದ ಹಾಗೆಯೇ ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸಿದೆ. ನೆಲ ಗಟ್ಟಿಯಾದ ಮೇಲೆ ಹಳೆಯ ಘಟನೆಗಳನ್ನು ಒಂದೊಂದಾಗಿ ಎದುರಿಸುವ ಚಿಕಿತ್ಸೆ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಪಿಟಿಎಸ್‌ಡಿಗೆ ಆಘಾತ ಕೇಂದ್ರಿತ ಚಿಂತನ-ವರ್ತನ ಚಿಕಿತ್ಸೆಯನ್ನೂ, ಕಣ್ಣನ್ನು ಅತ್ತಿತ್ತ ಆಡಿಸುತ್ತ ಹಳೆಯ ನೆನಪನ್ನು ಎದುರಿಸುವ ಇಎಂಡಿಆರ್ ಚಿಕಿತ್ಸೆಯನ್ನೂ ಶಿಫಾರಸು ಮಾಡಿದೆ. ಇದನ್ನು ವಿಡಿಯೊ ನೋಡಿ ಒಬ್ಬರೇ ಮಾಡಿಕೊಳ್ಳಲು ಹೋಗಬೇಡಿ, ತರಬೇತಾದವರು ಎದುರಿಗಿರಬೇಕು. ಆಸ್ಪತ್ರೆಗೆ ಹೋಗುವಷ್ಟು ಧೈರ್ಯ ಇನ್ನೂ ಬಾರದವರು 14416ಕ್ಕೆ ಕರೆ ಮಾಡಬಹುದು. ಅದು 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಇದನ್ನು ಓದುವಾಗ ನೆರೆಮನೆಯ ಮಗುವಿನ ನೆನಪಾದರೆ ಮಕ್ಕಳ ಸಹಾಯವಾಣಿ 1098. ನಮ್ಮ ಓಣಿಯಲ್ಲಿ ಎಲ್ಲರಿಗೂ ಎಲ್ಲವೂ ಕೇಳುತ್ತಿತ್ತು.

ನನ್ನ ಪರಿಚಯ ನನಗೇ ಆದದ್ದು ಮಾತ್ರ ಆಸ್ಪತ್ರೆಯಲ್ಲಲ್ಲ, ಧಾರವಾಡದ ಕಾಯಿಪಲ್ಲೆ ಸಂತೆಯಲ್ಲಿ. ನಿಮಗೆ ಏನು ಇಷ್ಟ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅಪ್ಪನಿಗೆ ಏನು ಬೇಕು, ಗಂಡನಿಗೆ ಏನು ಬೇಕು, ಮಗನಿಗೆ ಏನು ಬೇಕು ಎಂದು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದೆ. ವಾರಕ್ಕೊಮ್ಮೆ ಚೀಲ ಹಿಡಿದು ಒಬ್ಬಳೇ ಹೋಗಿ ನನಗಾಗಿ ಏನಾದರೂ ಕೊಳ್ಳುವುದು ಎಂದು ನಿಯಮ ಮಾಡಿಕೊಂಡೆ. ಮೊದಲ ಸಲ ಮೆಂತ್ಯದ ಸಿವುಡು ಕೈಯಲ್ಲಿ ಹಿಡಿದು, ಇದು ನನಗೆ ಸೇರುತ್ತದೆಯೋ ಇಲ್ಲವೋ ಎಂದು ತಿಳಿಯದೆ, ಮಾರುವ ಅಜ್ಜಿ ‘ಏನಮ್ಮಾ, ಬೇಕೋ ಬೇಡವೋ’ ಎನ್ನುವವರೆಗೆ ನಿಂತಿದ್ದೆ. ಕ್ರಮೇಣ ಗೊತ್ತಾಯಿತು: ಹಿರೇಕಾಯಿ ನನಗೆ ಸೇರುವುದಿಲ್ಲ, ಇಷ್ಟು ವರ್ಷ ತಿಂದದ್ದು ಬೇರೆಯವರಿಗಾಗಿ. ಪುಂಡಿಪಲ್ಯ, ಜೋಳದ ರೊಟ್ಟಿ, ಕೆಂಪು ಖಾರ ಇದ್ದರೆ ಮತ್ತೇನೂ ಬೇಡ. ಊಟವನ್ನು ಗಬಗಬನೆ ಮುಗಿಸುವ ಅಭ್ಯಾಸ ನನ್ನದು, ಮಗ್ಗ ನಿಲ್ಲುವ ಮೊದಲು ತಟ್ಟೆ ಖಾಲಿಯಾಗಬೇಕಿತ್ತಲ್ಲ. ರೊಟ್ಟಿಯನ್ನು ಸಣ್ಣದಾಗಿ ಮುರಿದು, ಒಂದು ತುತ್ತು ಅಗಿದು ನುಂಗಿದ ಮೇಲೆಯೇ ಮುಂದಿನದನ್ನು ಮುರಿಯುವುದು ಎಂದು ರೂಢಿಸಿಕೊಂಡೆ. ನೋಡುವವರಿಗೆ ಇದು ತೀರಾ ಸಣ್ಣದೆನಿಸಬಹುದು. ನನ್ನ ಪಾಲಿಗೆ, ಯಾರೂ ಬಂದು ಕಸಿದುಕೊಳ್ಳುವುದಿಲ್ಲ ಎಂದು ದೇಹಕ್ಕೆ ದಿನಕ್ಕೆರಡು ಹೊತ್ತು ತಿಳಿಸಿ ಹೇಳುವ ದಾರಿ ಅದು.

ಕ್ಷಮಿಸಿದೆಯಾ ಎಂದು ಅನೇಕರು ಕೇಳುತ್ತಾರೆ. ಅಪ್ಪ ಈಗಿಲ್ಲ. ವಿದ್ಯುತ್ ಮಗ್ಗಗಳ ಸೀರೆ ಅಗ್ಗದಲ್ಲಿ ಬರತೊಡಗಿ ಕೈಮಗ್ಗದ ಕೂಲಿ ಕುಸಿದದ್ದು, ಸಾಲ, ಕುಡಿತ, ಅವನ ಅಪ್ಪ ಅವನನ್ನು ಹೊಡೆದು ಬೆಳೆಸಿದ್ದು ಎಲ್ಲವೂ ನನಗೆ ಅರ್ಥವಾಗುತ್ತದೆ. ಅರ್ಥವಾದದ್ದರಿಂದ ಆದದ್ದು ಸರಿಯಾಗುವುದಿಲ್ಲ. ಅದೇ ಓಣಿಯಲ್ಲಿ ಅದೇ ಬಡತನದಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ನೇಯ್ದವರೂ ಇದ್ದರು. ಕ್ಷಮೆ ಬಂದರೆ ಬರಲಿ, ಬಾರದಿದ್ದರೂ ಗುಣವಾಗಬಹುದು. ಅದನ್ನು ಚಿಕಿತ್ಸೆಯ ಷರತ್ತು ಮಾಡುವುದು ನೊಂದವರ ಮೇಲೆ ಮತ್ತೊಂದು ಹೊರೆ ಹೊರಿಸುವುದೇ ಸರಿ. ಅವ್ವನೊಂದಿಗೆ ಒಮ್ಮೆ ಮಾತನಾಡಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ‘ನೀನು ನಮ್ಮನ್ನು ಬಿಡಿಸಿಕೊಳ್ಳಲಿಲ್ಲ’ ಎಂದೆ. ಬಹಳ ಹೊತ್ತಿನ ಮೇಲೆ ‘ನನ್ನನ್ನು ಯಾರು ಬಿಡಿಸಿದರು’ ಎಂದಳು. ನನಗೆ ಬೇಕಾಗಿದ್ದ ಉತ್ತರ ಅದಲ್ಲ. ಅವಳ ಬಳಿ ಇದ್ದದ್ದು ಅದೇ. ಆಮೇಲೆ ಇಬ್ಬರೂ ಸೇರಿ ಸುಲಿದೆವು.

ಪೂರ್ತಿ ಗುಣವಾಗಿದ್ದೇನೆ ಎನ್ನಲಾರೆ. ಹೋಟೆಲಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರಲಾರೆ, ಹಾಗಾಗಿ ಎದುರು ಕುರ್ಚಿ ಕೇಳಿ ಕೂರುತ್ತೇನೆ. ಕೆಲವು ವಾರಗಳು ಕಾರಣವಿಲ್ಲದೆ ಭಾರವಾಗುತ್ತವೆ. ಅಂಥ ದಿನಗಳಿಗಾಗಿ ಮನೆಯವರಿಗೆ ಒಂದಿಷ್ಟು ಹೇಳಿಟ್ಟಿದ್ದೇನೆ. ನಾನು ಮರಗಟ್ಟಿ ನಿಂತಾಗ ‘ಏನಾಯಿತು, ಏನಾಯಿತು’ ಎಂದು ಕೇಳಬೇಡಿ, ಆಗ ನನಗೆ ಮಾತು ಹೊರಡುವುದಿಲ್ಲ. ಹಿಂದಿನಿಂದ ಬಂದು ಮುಟ್ಟಬೇಡಿ. ಎದುರಿಗೆ ಬಂದು ಹೆಸರು ಹಿಡಿದು ಕರೆಯಿರಿ, ನೀರು ಬೇಕೇ ಎಂದಷ್ಟೇ ಕೇಳಿ. ರೇಡಿಯೊ ಆರಿಸಬೇಡಿ. ಮಗ ಇದಕ್ಕೆ ತನ್ನದೊಂದನ್ನು ಸೇರಿಸಿದ್ದಾನೆ. ನನ್ನ ಕೋಣೆಗೆ ಬರುವ ಮೊದಲು ಅಡುಗೆಮನೆಯಿಂದಲೇ ‘ಅಮ್ಮಾ, ಬರುತ್ತಿದ್ದೇನೆ’ ಎಂದು ಕೂಗಿ ಬರುತ್ತಾನೆ. ಅದನ್ನು ನಾನು ಹೇಳಿಕೊಟ್ಟದ್ದಲ್ಲ.