ಎಷ್ಟು ಕಿಲೋ ತಡೆಯುತ್ತದೆ ಎಂದು ಕೇಳಬೇಡಿ

ಗಾಳದ ಅಂಗಡಿಗೆ ಬರುವ ಹೊಸಬರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಈ ದಾರ ಎಷ್ಟು ಕಿಲೋ ತಡೆಯುತ್ತದೆ?" ಅಂಗಡಿಯವರು ಇಪ್ಪತ್ತು ಎನ್ನುತ್ತಾರೆ. ಅದನ್ನು ಕೊಂಡು ಅಂಗೈಯಗಲದ ಜಿಲೇಬಿ ಮೀನು ಹಿಡಿಯಲು ಕೆರೆಗೆ ಹೋಗುತ್ತಾರೆ. ಕರು ಕಟ್ಟಬಹುದಾದಷ್ಟು ದಪ್ಪ ದಾರ ನೀರಿನಲ್ಲಿ ಸೆಟೆದು ನಿಂತಿರುತ್ತದೆ, ಮೀನು ಹತ್ತಿರ ಸುಳಿಯುವುದಿಲ್ಲ. ಸಂಜೆ ಬೈಗುಳ ಮಾತ್ರ ಎರೆಹುಳುವಿಗೆ. ದಾರ ಎಷ್ಟು ತಡೆಯಬೇಕು ಎನ್ನುವುದಕ್ಕಿಂತ ಮೊದಲು ಅದು ಹಿಗ್ಗಬೇಕೋ, ಮುಳುಗಬೇಕೋ, ತೇಲಬೇಕೋ ಎಂದು ಯೋಚಿಸಬೇಕು.

ಮೊದಲ ಹೆಜ್ಜೆ: ಎಲ್ಲಿ, ಯಾವ ಮೀನಿಗೆ ಗಾಳ ಹಾಕುತ್ತೀರಿ ಎಂದು ತೀರ್ಮಾನಿಸಿ. ಅಲ್ಲಿ ಗಾಳ ಹಾಕಲು ಅನುಮತಿ ಇದೆಯೇ ಎಂದೂ ವಿಚಾರಿಸಿ. ಅಭಯಾರಣ್ಯದೊಳಗಿನ ಕಾವೇರಿಯಲ್ಲಿ ನಿಮ್ಮಿಷ್ಟದಂತೆ ಗಾಳ ಎಸೆಯುವಂತಿಲ್ಲ.

ಎರಡನೆಯದು, ದಾರದ ಜಾತಿ. ಒಂಟಿ ಎಳೆಯ ನೈಲಾನ್ ಎಳೆದರೆ ಹಿಗ್ಗುತ್ತದೆ. ದಡದ ಹತ್ತಿರ ಮೀನು ದಿಢೀರನೆ ಒದ್ದಾಡಿದಾಗ ಆ ಹಿಗ್ಗುವಿಕೆಯೇ ನಿಮ್ಮನ್ನು ಕಾಪಾಡುತ್ತದೆ. ಫ್ಲೋರೋಕಾರ್ಬನ್ ನೀರಿಗಿಂತ ಸುಮಾರು 1.78 ಪಟ್ಟು ಸಾಂದ್ರ, ಆದ್ದರಿಂದ ಬೇಗ ಮುಳುಗುತ್ತದೆ. ಬೆಳಕನ್ನು ಬಾಗಿಸುವ ಗುಣದಲ್ಲಿ ನೈಲಾನಿಗಿಂತ ನೀರಿಗೆ ಹತ್ತಿರವಿರುವುದರಿಂದ ತಿಳಿನೀರಿನಲ್ಲಿ ಕಾಣುವುದೂ ಕಡಿಮೆ. ಮಳೆಗಾಲದ ಕೆಮ್ಮಣ್ಣು ನೀರಿನ ಕೆರೆಗೆ ಅದನ್ನು ಕೊಳ್ಳುವುದು ದುಡ್ಡು ದಂಡ. ಇನ್ನೊಂದು ಜಾತಿ ಹೆಣೆದ ದಾರ, ಅಂಗಡಿಯ ಮಾತಿನಲ್ಲಿ ಬ್ರೇಡ್. ಸಣ್ಣ ಪಾಲಿಥೀನ್ ಎಳೆಗಳ ಜಡೆ. ತೇಲುತ್ತದೆ, ಹಿಗ್ಗುವುದೇ ಇಲ್ಲ ಎನ್ನಬಹುದು, ತೆಳುವಾಗಿದ್ದರೂ ಬಹಳ ಗಟ್ಟಿ. ಆದರೆ ಬಂಡೆಗೆ ಉಜ್ಜಿದರೆ ಕ್ಷಣದಲ್ಲಿ ಕತ್ತರಿಸಿಹೋಗುತ್ತದೆ. ಸಿಕ್ಕಿಕೊಂಡ ಗಾಳವನ್ನು ಬಿಡಿಸಲು ದಾರವನ್ನು ಬರಿಗೈಗೆ ಸುತ್ತಿ ಎಳೆದರೆ ನಿಮ್ಮ ಬೆರಳನ್ನೂ ಕತ್ತರಿಸುತ್ತದೆ.

ಮೂರನೆಯದು, ಚೀಟಿ ಓದುವುದು. ನೈಲಾನ್ ಆದರೆ ಕಿಲೋ, ಪೌಂಡ್ ಬಿಟ್ಟು ಮಿಲಿಮೀಟರ್ ನೋಡಿ. ಒಳ್ಳೆಯ 0.20 ಮಿ.ಮೀ. ನೈಲಾನ್ ಸುಮಾರು ಮೂರು ಕಿಲೋ ತಡೆಯುತ್ತದೆ, 0.35 ಸುಮಾರು ಒಂಬತ್ತು. 0.20ರ ಡಬ್ಬಿಯ ಮೇಲೆ ಹದಿನೈದು ಕಿಲೋ ಎಂದು ಬರೆದಿದ್ದರೆ ಒಂದೋ ದಪ್ಪ ಸುಳ್ಳು, ಇಲ್ಲವೇ ತೂಕ ಸುಳ್ಳು. ದಪ್ಪವನ್ನೇ ನಮೂದಿಸದ ದಾರ ಅಗ್ಗಕ್ಕೆ ಸಿಕ್ಕರೂ ಬೇಡ. ಅಂಗಡಿಯ ಮುಂದೆ ಬಿಸಿಲಿಗೆ ತೂಗುಹಾಕಿದ ನೈಲಾನ್ ಸುರುಳಿಯೂ ಬೇಡ. ಬಿಸಿಲು ಅದರ ಜೀವ ಹೀರಿರುತ್ತದೆ, ಒಳಗಿನಿಂದ ತೆಗೆಸಿಕೊಳ್ಳಿ.

ಇನ್ನು ಜೋಡಿಸುವುದು. ಬೆಂಡು ತೇಲಿಸಿ ಜಿಲೇಬಿ, ಚಿಕ್ಕ ಗೆಂಡೆ ಹಿಡಿಯಲು 0.18ರಿಂದ 0.22ರ ನೈಲಾನ್ ಸಾಕು. ಸೀಸ ಕಟ್ಟಿ ತಳದಲ್ಲಿ ಕಾಟ್ಲಾ, ರೋಹುವಿಗೆ ಕಾಯುವುದಾದರೆ 0.30ರಿಂದ 0.35. ಕೊಕ್ಕೆಯ ಕಡೆಯ ಒಂದು ಗೇಣು ದಾರ ಮಾತ್ರ ಸ್ವಲ್ಪ ತೆಳುವಾಗಿರಲಿ. ಕಲ್ಲಿಗೆ ಸಿಕ್ಕಿಕೊಂಡರೆ ಹೋಗುವುದು ಕೊಕ್ಕೆಯಷ್ಟೇ. ಜೊಂಡಿನ ನಡುವೆ ರಬ್ಬರ್ ಕಪ್ಪೆ ಎಸೆದು ಕೊರವ ಮೀನು ಹಿಡಿಯುವವರಿಗೆ ಮೂವತ್ತು-ನಲವತ್ತು ಪೌಂಡಿನ ಹೆಣೆದ ದಾರವೇ ಬೇಕು. ಮೀನು ಕಚ್ಚಿದೊಡನೆ ಜೊಂಡಿನೊಳಕ್ಕೆ ನುಗ್ಗುತ್ತದೆ, ಹಿಗ್ಗುವ ದಾರದಲ್ಲಿ ಅದನ್ನು ಹೊರಗೆಳೆಯಲಾಗದು. ಇದಕ್ಕೆ ಫ್ಲೋರೋಕಾರ್ಬನ್ ತುದಿ ಕಟ್ಟಬೇಡಿ, ಕಪ್ಪೆಯ ಮೂತಿ ನೀರಿಗಿಳಿಯುತ್ತದೆ. ಕಡಲ ಬಂಡೆಯ ಮೇಲಿನಿಂದ ಕೆಂಬೇರಿ, ಮುರು ಮೀನಿಗೆ ಎಸೆಯುವುದಾದರೆ ಇಪ್ಪತ್ತು-ಮೂವತ್ತು ಪೌಂಡಿನ ಹೆಣೆದ ದಾರ, ಅದರ ತುದಿಗೆ 0.50 ಅಥವಾ 0.60ರ ನೈಲಾನ್ ಒಂದೂವರೆ ಮೀಟರ್. ಈ ತುದಿಗೆ ಲೀಡರ್ ಎನ್ನುತ್ತಾರೆ. ಬಂಡೆಯ ಚಿಪ್ಪುಗಳ ಉಜ್ಜಾಟ ಸಹಿಸುವುದು ಅದು. ಅಂಜಲ್ ಸಿಗುವ ಆಸೆಯಿದ್ದರೆ ಕೊನೆಗೊಂದು ಗೇಣು ಉಕ್ಕಿನ ತಂತಿ.

ಇಲ್ಲಿಯವರೆಗೆ ಸರಿಯಾಗಿ ಕೊಂಡವರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ, ದಾರವನ್ನು ರೀಲಿಗೆ ಸುತ್ತುವಾಗ. ಮಲ್ಪೆಯ ಕಡಲಂಚಿನಲ್ಲಿ ಒಮ್ಮೆ ಒಬ್ಬ ಹುಡುಗನ ಗಾಳಕ್ಕೆ ಒಳ್ಳೆಯ ಮೀನು ಬಿದ್ದಿತ್ತು. ಅವನು ರೀಲ್ ಸುತ್ತುತ್ತಲೇ ಇದ್ದ, ಮೀನು ದೂರ ಹೋಗುತ್ತಲೇ ಇತ್ತು. ಡ್ರ್ಯಾಗ್, ಅಂದರೆ ಎಳೆತ ಹೆಚ್ಚಾದಾಗ ದಾರ ಬಿಟ್ಟುಕೊಡುವ ರೀಲಿನ ಬ್ರೇಕು, ಕೆಟ್ಟಿದೆ ಎಂದು ಅದರ ತಿರುಪನ್ನು ಪೂರ್ತಿ ಬಿಗಿದ. ಪ್ರಯೋಜನವಾಗಲಿಲ್ಲ. ಹತ್ತಿರ ಹೋಗಿ ನೋಡಿದರೆ ದಾರ ಸುತ್ತುವ ಉರುಳೆ, ಅಂದರೆ ಸ್ಪೂಲ್, ನಿಂತಲ್ಲೇ ಇದೆ, ಅದರ ಮೇಲಿನ ಇಡೀ ದಾರದ ಉಂಡೆ ಬಳೆಯಂತೆ ಗಿರಗಿರನೆ ತಿರುಗುತ್ತಿದೆ! ನುಣುಪಾದ ಲೋಹಕ್ಕೆ ಹೆಣೆದ ದಾರವನ್ನು ನೇರವಾಗಿ ಕಟ್ಟಿದ್ದರ ಫಲ.

ಆದ್ದರಿಂದ ಮೊದಲು ಹತ್ತು ಮೀಟರ್ ಅಗ್ಗದ ನೈಲಾನ್ ಬಿಗಿಯಾಗಿ ಸುತ್ತಿ, ಅದಕ್ಕೆ ಹೆಣೆದ ದಾರ ಕಟ್ಟಿ. ಸ್ಪೂಲಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿದರೂ ನಡೆಯುತ್ತದೆ, ನನಗೆ ನೈಲಾನೇ ಇಷ್ಟ. ಸುತ್ತುವಾಗ ದಾರ ಒದ್ದೆ ಬಟ್ಟೆಯ ಮಡಿಕೆಯೊಳಗಿಂದ ಬರಲಿ, ಬಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿಯಿರಿ. ಸಡಿಲವಾಗಿ ಸುತ್ತಿದರೆ ಮೊದಲ ದೊಡ್ಡ ಮೀನಿಗೆ ಮೇಲಿನ ಸುತ್ತುಗಳು ಕೆಳಗಿನವುಗಳೊಳಗೆ ಹೂತುಹೋಗುತ್ತವೆ. ಮುಂದಿನ ಎಸೆತದಲ್ಲಿ ದಾರ ಸಿಕ್ಕಾಗಿ ಹಕ್ಕಿಗೂಡಾಗುವುದು ಗ್ಯಾರಂಟಿ. ಅಂಚಿಗೆ ಎರಡು ಮಿಲಿಮೀಟರ್ ಇರುವಾಗ ನಿಲ್ಲಿಸಿ. ನೈಲಾನ್ ಆದರೆ ಸುರುಳಿಯನ್ನು ನೆಲದ ಮೇಲೆ ಮಲಗಿಸಿ ಹತ್ತು ಸುತ್ತು ಸುತ್ತಿ, ದಾರ ಸಡಿಲಿಸಿ ನೋಡಿ. ತಾನಾಗಿಯೇ ಹುರಿಗೊಂಡರೆ ಸುರುಳಿಯನ್ನು ಮಗುಚಿ ಹಾಕಿ ಮುಂದುವರಿಸಿ.

ಹೆಣೆದ ದಾರಕ್ಕೆ ಲೀಡರ್ ಜೋಡಿಸಲು ಅಂತರ್ಜಾಲದಲ್ಲೆಲ್ಲ ಎಫ್‌ಜಿ ಗಂಟಿನ ಗುಣಗಾನ. ಒಳ್ಳೆಯ ಗಂಟೇ. ಆದರೆ ಗಾಳಿ ಬೀಸುವ ಬಂಡೆಯ ಮೇಲೆ ಮೊಬೈಲ್ ನೋಡಿಕೊಂಡು ಕಟ್ಟಿದವರ ಲೀಡರ್‌ಗಳು ಎಸೆತದೊಡನೆ ಹಾರಿಹೋದದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಜೋಡಿ ಯೂನಿ ಗಂಟು ಕಲಿಯಿರಿ. ಎರಡೂ ತುದಿಗಳನ್ನು ಎದುರುಬದುರಾಗಿ, ಒಂದು ಗೇಣಿನಷ್ಟು ಪಕ್ಕಪಕ್ಕದಲ್ಲಿ ಇಡಿ. ಹೆಣೆದ ದಾರದ ತುದಿಯನ್ನು ಹಿಂದಕ್ಕೆ ಮಡಚಿದರೆ ಕುಣಿಕೆಯಾಗುತ್ತದೆ. ತುದಿಯನ್ನು ಕುಣಿಕೆಯೊಳಗಿಂದ ಎರಡೂ ದಾರಗಳ ಸುತ್ತ ಎಂಟು ಬಾರಿ ತಂದು ಎಳೆಯಿರಿ. ಲೀಡರ್ ತುದಿಗೂ ಹೀಗೆಯೇ, ಆದರೆ ನಾಲ್ಕೇ ಸುತ್ತು. ಈಗ ಗಂಟುಗಳಿಗೆ ಎಂಜಲು ಹಚ್ಚಿ. ಅಸಹ್ಯ ಎನಿಸಿದರೆ ನೀರು ಹಚ್ಚಿ, ಒಣ ಗಂಟನ್ನು ಮಾತ್ರ ಎಳೆಯಬೇಡಿ. ಉಜ್ಜುವ ಬಿಸಿಗೇ ನೈಲಾನ್ ಮೆತ್ತಗಾಗಿ ಸೊರಗುತ್ತದೆ. ಎರಡು ಕಡೆಯ ದಾರವನ್ನು ನಿಧಾನವಾಗಿ ಎಳೆದರೆ ಗಂಟುಗಳು ಜಾರಿ ಬಂದು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಬಾಲವನ್ನು ಬುಡಕ್ಕೆ ಕತ್ತರಿಸದೆ ಎರಡು ಮಿಲಿಮೀಟರ್ ಬಿಡಿ.

ಡ್ರ್ಯಾಗ್ ಹೊಂದಿಸಲು ಲಗೇಜು ತೂಗುವ ಚಿಕ್ಕ ತಕ್ಕಡಿ ಸಾಕು. ಆರು ಕಿಲೋ ತಡೆಯುವ ದಾರವಾದರೆ ಒಂದೂವರೆಯಿಂದ ಎರಡು ಕಿಲೋ ಎಳೆತಕ್ಕೆ ದಾರ ಬಿಟ್ಟುಕೊಡಬೇಕು.

ಹೆಣೆದ ದಾರ ಮುಂದುಗಡೆ ಎಳೆಬಿಟ್ಟು ಬಣ್ಣಗೆಟ್ಟಾಗ ಬಿಸಾಡಬೇಡಿ, ಪೂರ್ತಿ ಬಿಚ್ಚಿ ತಿರುಗುಮುರುಗಾಗಿ ಸುತ್ತಿದರೆ ಒಳಗಿದ್ದ ಹೊಸ ಭಾಗ ಹೊರಬರುತ್ತದೆ. ನೈಲಾನನ್ನು ನಾನು ಪ್ರತಿ ವರ್ಷ ಬದಲಿಸುತ್ತೇನೆ. ಹಳೆಯದನ್ನು ಕೆರೆಯ ದಂಡೆಯಲ್ಲಿ ಎಸೆದರೆ ಬಕಗಳ ಕಾಲಿಗೆ ಸುತ್ತಿಕೊಳ್ಳುತ್ತದೆ, ಹಾಗಾಗಿ ಮನೆಗೇ ತರುತ್ತೇನೆ. ಹಿತ್ತಲಿನ ಹೀರೆ ಬಳ್ಳಿ ಸದ್ಯ ಹೋದ ವರ್ಷದ 0.35ರ ಮೇಲೆ ಹಬ್ಬಿಕೊಂಡಿದೆ.