ಗುಜರಿ ರೇಟಿನಲ್ಲಿ ಜಾಝ್: ಮೈಸೂರಿನಲ್ಲಿ ಕೂತು ರೆಕಾರ್ಡು ಕೂಡಿಸುವುದು ಹೇಗೆ?

ಅಮೆರಿಕದಲ್ಲಿ ಹುಟ್ಟಿದ ಜಾಝ್ ಸಂಗೀತದ ರೆಕಾರ್ಡು ಕೂಡಿಸುವುದು ದುಡ್ಡಿದ್ದವರ ಶೋಕಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ದುಡ್ಡು ಕಳೆದುಕೊಳ್ಳುವವರು ತಮಗೆ ಏನು ಬೇಡ ಅಂತ ಗೊತ್ತಿಲ್ಲದೆ ಹುಡುಕೋಕೆ ಹೊರಡುವವರು. ಅದೊಂದು ತೀರ್ಮಾನ ಮಾಡಿಕೊಂಡರೆ ಮೈಸೂರಿನಲ್ಲೇ ಕೂತು, ನಿಧಾನಕ್ಕೆ, ಒಳ್ಳೆಯ ಒಂದು ಕಪಾಟು ತುಂಬಿಸಬಹುದು. ಈ ಊರಿಗೆ ರೆಕಾರ್ಡಿನ ಹುಚ್ಚು ಹೊಸದೂ ಅಲ್ಲ ಬಿಡಿ. ರಷ್ಯಾದ ಸಂಗೀತ ರಚನಕಾರ ಮೆಟ್ನರ್ ಅವರ ಕೃತಿಗಳನ್ನು ಲಂಡನ್ನಿನಲ್ಲಿ ರೆಕಾರ್ಡು ಮಾಡಿಸಲು ದುಡ್ಡು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನ್‌ಗೆ ಮನಸೋತದ್ದು ಇಲ್ಲಿನ ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ.

ಮೊದಲು ಕಾಲ ಆರಿಸಿ

ಒಟ್ಟು ಜಾಝೇ ಬೇಕು ಅಂತ ಹೊರಡಬೇಡಿ, ಅದು ಮುಗಿಯದ ಕೆಲಸ. ಯಾವುದಾದರೂ ಹತ್ತು ವರ್ಷ ಆರಿಸಿಕೊಳ್ಳಿ. ಕೊಳ್ಳುವ ಮುಂಚೆ ಮೊಬೈಲಿನಲ್ಲೇ ಎಲ್ಲ ಕಾಲದ್ದೂ ಕೇಳಿ ನೋಡಿ.

ಜಾಝಿನ ಮೊದಲ ರೆಕಾರ್ಡು ಬಂದಿದ್ದು 1917ರಲ್ಲಿ. ಆಗಿನದ್ದೆಲ್ಲ ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟು, ಒಂದು ಮಗ್ಗುಲಿಗೆ ಸುಮಾರು 3 ನಿಮಿಷ, ಅಷ್ಟೇ. ಲೂಯಿ ಆರ್ಮ್‌ಸ್ಟ್ರಾಂಗ್ 1925ರಿಂದ 28ರವರೆಗೆ ಹಾಟ್ ಫೈವ್ ಗುಂಪಿನ ಜೊತೆ ಏನೆಲ್ಲ ಮಾಡಿದರೋ ಅದೆಲ್ಲ ಆ ಮೂರು ನಿಮಿಷದೊಳಗೇ. 30ರ ದಶಕ ಸ್ವಿಂಗ್‌ನದು: ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ, ಕುಣಿಯುವವರಿಗೆ ನುಡಿಸುವ ದೊಡ್ಡ ದೊಡ್ಡ ಬ್ಯಾಂಡುಗಳು. ಆಮೇಲೆ ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ ಅವರ ಬೀಬಾಪ್, ಚಿಕ್ಕ ಗುಂಪಿನಲ್ಲಿ ವೇಗವಾಗಿ ನುಡಿಸುವ ಶೈಲಿ. ಅದು ಹುಟ್ಟಿದ ಹೊತ್ತಿನ ರೆಕಾರ್ಡು ಹುಡುಕಿದರೂ ಸಿಗುವುದು ಕಷ್ಟ, ಯಾಕೆಂದರೆ 1942ರ ಆಗಸ್ಟಿನಲ್ಲಿ ಅಮೆರಿಕದ ವಾದ್ಯಗಾರರ ಸಂಘ ರೆಕಾರ್ಡಿಂಗ್ ನಿಲ್ಲಿಸಿ ಮುಷ್ಕರ ಹೂಡಿತು, ಅದು ಪೂರ್ತಿ ಮುಗಿದಿದ್ದು 1944ರಲ್ಲಿ. 1948ರಲ್ಲಿ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಓಡುವ ಲಾಂಗ್ ಪ್ಲೇ ರೆಕಾರ್ಡು, ಬಂತು. ಒಂದು ಮಗ್ಗುಲಿಗೆ 20 ನಿಮಿಷ ಸಿಕ್ಕಿತು, ಒಬ್ಬೊಬ್ಬರೂ ಮನಸೋ ಇಚ್ಛೆ ನುಡಿಸುವ ಹಾಗಾಯಿತು.

ನನ್ನ ಕಾಲ 1955ರಿಂದ 65. ಆರ್ಟ್ ಬ್ಲೇಕಿ, ಹೊರೇಸ್ ಸಿಲ್ವರ್, ಲೀ ಮಾರ್ಗನ್. 1959 ಒಂದೇ ವರ್ಷ ತಗೊಳ್ಳಿ: ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’, ಡೇವ್ ಬ್ರೂಬೆಕ್ ಅವರ ‘ಟೈಮ್ ಔಟ್’, ಚಾರ್ಲ್ಸ್ ಮಿಂಗಸ್ ಅವರ ‘ಮಿಂಗಸ್ ಆಹ್ ಉಮ್’. ಮೂರೂ ರೆಕಾರ್ಡಾಗಿದ್ದು ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೊದಲ್ಲಿ, ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ.

ತೊಂದರೆ ಏನೆಂದರೆ ಎಲ್ಲರ ಕಣ್ಣೂ ಈ ಹತ್ತು ವರ್ಷದ ಮೇಲೇ. ಬ್ಲೂ ನೋಟ್ ಅನ್ನುವ ಜಾಝ್ ರೆಕಾರ್ಡು ಕಂಪನಿಯ ಕೆಲವು ಮೊದಲ ಅಚ್ಚಿನ ಪ್ರತಿಗಳಿಗೆ ಸಾವಿರಗಟ್ಟಲೆ ಡಾಲರ್ ಕೊಡುವವರಿದ್ದಾರೆ. ಕೊಡಲಿ, ನಮಗೆ ಬೇಡ. ಪ್ರೆಸ್ಟೀಜ್ ಕಂಪನಿ 70ರ ದಶಕದಲ್ಲಿ ಎರಡೆರಡು ಹಳೇ ಆಲ್ಬಮ್ ಸೇರಿಸಿ ಜೋಡಿ ರೆಕಾರ್ಡು ಮಾಡಿ ಬಿಟ್ಟಿತು. 80ರ ದಶಕದಲ್ಲಿ ‘ಒರಿಜಿನಲ್ ಜಾಝ್ ಕ್ಲಾಸಿಕ್ಸ್’ ಅಂತ ಒಂದು ಸರಣಿಯೇ ಬಂತು. ಸಂಗೀತ ಅದೇ, ಬೆಲೆ ಎಷ್ಟೋ ಕಮ್ಮಿ. ಕೈ ಇನ್ನೂ ಬಿಗಿಯಾಗಿದ್ದರೆ ಸ್ವಿಂಗ್ ಆರಿಸಿ. ಎಲಿಂಗ್ಟನ್, ಬೇಸಿ ಅವರ ಎಲ್‌ಪಿಗಳಿಗೆ ಅಷ್ಟು ನೂಕುನುಗ್ಗಲಿಲ್ಲ.

ಎಲ್ಲಿ ಹುಡುಕುವುದು

ಹೊಸ ಎಲ್‌ಪಿ ಆನ್‌ಲೈನಿನಲ್ಲಿ ಸಿಗುತ್ತದೆ, ಅದರಲ್ಲಿ ಹೇಳೋದೇನಿದೆ. ಮಜಾ ಇರುವುದು ಗುಜರಿ ಅಂಗಡಿಯಲ್ಲಿ. ಒಂಟಿಕೊಪ್ಪಲು, ಯಾದವಗಿರಿ ಕಡೆ ಹಳೇ ಮನೆ ಖಾಲಿ ಮಾಡುವವರು ಅಟ್ಟದ ಸಾಮಾನು ಒಟ್ಟಿಗೇ ತೂಕಕ್ಕೆ ಹಾಕಿಬಿಡುತ್ತಾರೆ, ಅದರೊಳಗೆ ಪ್ಲೇಟಿನ ಪೆಟ್ಟಿಗೆಯೂ ಇರಬಹುದು. ಅಂಗಡಿಯವರಿಗೆ ಫೋನ್ ನಂಬರ್ ಕೊಟ್ಟಿರಿ. “ಇಂಗ್ಲಿಷ್ ಪ್ಲೇಟ್ ಯಾರೂ ಕೇಳಲ್ಲ ಸಾರ್, ರಾಜ್‌ಕುಮಾರ್ ಹಾಡಾದ್ರೆ ಹೇಳಿ, ಈಗಲೇ ಹೋಗುತ್ತೆ” ಅಂತಾರಲ್ಲ, ಅದೇ ನಿಮ್ಮ ಅದೃಷ್ಟ.

ಹಿಂದಿ ಸಿನಿಮಾ ರಾಶಿಯನ್ನೂ ಬಿಡಬೇಡಿ. ಶಂಕರ್-ಜೈಕಿಶನ್ 1968ರಲ್ಲಿ ‘ರಾಗ ಜಾಝ್ ಸ್ಟೈಲ್’ ಅಂತ ಒಂದು ಎಲ್‌ಪಿ ಮಾಡಿದರು. ಸಿತಾರ್ ರಯೀಸ್ ಖಾನ್, ಸ್ಯಾಕ್ಸೊಫೋನ್ ಮನೋಹರಿ ಸಿಂಗ್. ಕವರಿನ ಮೇಲೆ ಶಂಕರ್-ಜೈಕಿಶನ್ ಅಂತ ಕಂಡ ತಕ್ಷಣ ಅಂಗಡಿಯವರು ಅದನ್ನು ಸಿನಿಮಾ ಹಾಡಿನ ಜೊತೆ ಸೇರಿಸಿಬಿಡುತ್ತಾರೆ. ಹಾಗೆಯೇ ಶಾಸ್ತ್ರೀಯ ಸಂಗೀತದ ಸಾಲಿನಲ್ಲಿ ‘ಜ್ಯೋತಿ’ ಅನ್ನುವ ರೆಕಾರ್ಡು ಸಿಕ್ಕೀತು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 1983ರಲ್ಲಿ ಮಾಡಿದ್ದು, ಆರ್.ಎ. ರಮಾಮಣಿ ಅವರ ಗಾಯನವಿದೆ. ಸಿಕ್ಕರೆ ಬಿಡಲೇಬೇಡಿ.

ಕೈಗೆತ್ತಿಕೊಂಡು ನೋಡಿ

ಕವರ್ ನೋಡಿ ಮರುಳಾಗಬೇಡಿ. ಮೊದಲು ಪ್ಲೇಟು ಹೊರಗೆ ತೆಗೆಯಿರಿ, ಒಳಗಿರುವುದು ಬೇರೆಯೇ ರೆಕಾರ್ಡು ಆಗಿರುವುದು ತುಂಬಾ ಸಾಮಾನ್ಯ. ಅಂಚು ಹಿಡಿದು ಬಿಸಿಲಿಗೆ ಓರೆ ಮಾಡಿ. ಕಣ್ಣಿಗೆ ಮಾತ್ರ ಕಾಣುವ ಕೂದಲೆಳೆಯ ಗೆರೆ ಪರವಾಗಿಲ್ಲ, ಬೆರಳು ಆಡಿಸಿದರೆ ತಡೆಯುವ ಗೆರೆ ಇದ್ದರೆ ಟಕ್ ಟಕ್ ಅನ್ನುವುದು ಗ್ಯಾರಂಟಿ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಜಾಸ್ತಿ ಗೀರುಗಳಿದ್ದರೆ ಆ ಪ್ಲೇಟು ಬಹಳ ಸಲ ಓಡಿದೆ ಅಂತ ಅರ್ಥ. ಕಣ್ಣಿನ ಮಟ್ಟಕ್ಕೆ ಹಿಡಿದು ಡೊಂಕಾಗಿದೆಯಾ ನೋಡಿ.

ಆಮೇಲೆ ಲೇಬಲ್ ಪಕ್ಕದ ಖಾಲಿ ಜಾಗ. ಅಲ್ಲಿ ಕೊರೆದ ಅಕ್ಷರ, ನಂಬರುಗಳಿರುತ್ತವೆ. ‘ಆರ್‌ವಿಜಿ’ ಅಂತಲೋ ‘ವ್ಯಾನ್ ಗೆಲ್ಡರ್’ ಅಂತಲೋ ಇದ್ದರೆ ಹೆಸರಾಂತ ಸೌಂಡ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಕೈಕೆಲಸ. ಬ್ಲೂ ನೋಟ್ ಪ್ಲೇಟಿನಲ್ಲಿ ಪುಟ್ಟ ಕಿವಿಯಂಥ ಗುರುತು ಕಂಡರೆ ಅದು 1966ಕ್ಕಿಂತ ಮುಂಚೆ ಪ್ಲಾಸ್ಟಿಲೈಟ್ ಕಾರ್ಖಾನೆಯಲ್ಲಿ ಒತ್ತಿದ್ದು. ಮುಖದ ಮೇಲೆ ಏನೂ ತೋರಿಸಿಕೊಳ್ಳದೆ ರೇಟು ಕೇಳಿ.

ರೇಟು ಮಾತಾಡುವಾಗ

ಬೇಕಾದ ಒಂದನ್ನೇ ಎತ್ತಿ ಹಿಡಿಯಬೇಡಿ. ನಾಲ್ಕೈದು ಸೇರಿಸಿ ಒಟ್ಟು ಎಷ್ಟು ಅಂತ ಕೇಳಿ. ರೆಕಾರ್ಡು ಕೊಂಡು ಮಾರುವ ಡಿಸ್ಕಾಗ್ಸ್ ಸೈಟಿನಲ್ಲಿ ಆ ಪ್ರತಿ ಹಿಂದೆ ಎಷ್ಟಕ್ಕೆ ಮಾರಾಟವಾಗಿದೆ ಅಂತ ನೋಡಬಹುದು, ಆದರೆ ಅದು ಒಳ್ಳೆಯ ಸ್ಥಿತಿಯಲ್ಲಿರುವ ಪ್ರತಿಯ ರೇಟಾಗಿರಬಹುದು. ಗೀರು ತೋರಿಸಿ ಇಳಿಸಿ. ತೀರಾ ಹಿಂಡಬೇಡಿ, ಮುಂದಿನ ಪೆಟ್ಟಿಗೆ ಬಂದಾಗ ಅವರು ಮೊದಲು ಫೋನ್ ಮಾಡಬೇಕಾದದ್ದು ನಿಮಗೆ ಅಲ್ವಾ?

ಮನೆಗೆ ತಂದ ಮೇಲೆ

ಎಲ್‌ಪಿಯನ್ನು ಡಿಸ್ಟಿಲ್ಡ್ ವಾಟರ್‌ಗೆ ಒಂದೆರಡು ಹನಿ ಪಾತ್ರೆ ಸೋಪು ಹಾಕಿ ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ, ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಲೇಬಲ್ ನೆನೆಯಬಾರದು. 78ರ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಲೇಬೇಡಿ, ಅದು ಅರಗಿನದು, ಕರಗುತ್ತದೆ. ಅದಕ್ಕೆ ಮುಳ್ಳೂ ಬೇರೆ, ದಪ್ಪನೆಯದು. ಕೀಲಿ ಕೊಡುವ ಹಳೇ ಗ್ರಾಮಫೋನಿನಲ್ಲಿ ಎಲ್‌ಪಿ ಹಾಕಿದರೆ ಒಂದೇ ಸಲಕ್ಕೆ ಅದರ ಕಥೆ ಮುಗಿಯಿತು. ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಮಳೆಗಾಲದಲ್ಲಿ ಗೋಡೆಯಿಂದ ಸ್ವಲ್ಪ ದೂರ ಇರಲಿ.

ಯಾವುದರಿಂದ ಶುರು ಮಾಡಲಿ ಅಂದರೆ, ನಾನಂತೂ ‘ಟೈಮ್ ಔಟ್’ ಅನ್ನುತ್ತೇನೆ. ಲಕ್ಷಗಟ್ಟಲೆ ಮಾರಾಟವಾದ ರೆಕಾರ್ಡು, ಹಾಗಾಗಿ ಹಳೇ ಪ್ರತಿ ಹುಡುಕುವುದು ಅಷ್ಟು ಕಷ್ಟವಲ್ಲ. ಅದರಲ್ಲಿರುವ ‘ಟೇಕ್ ಫೈವ್’ ಐದೆಣಿಕೆಯದು. ನಮ್ಮ ಖಂಡ ಚಾಪು ತಾಳ ಎರಡು-ಮೂರು ಅಂತ ಒಡೆಯುತ್ತದೆ, ಇದು ಮೂರು-ಎರಡು.